ಹನ್ನೆರಡನೆಯ ಮನೆ

ಸಂತರಿಗೆ ಸಿಟ್ಟು ಸಲ್ಲದೆಂದು ಹೇಳುವ ಮಹನೀಯರಿದ್ದಾರೆ. ಇರಲಿ. ಪೂಜ್ಯ ನಾಗಲಾಂಬಿಕೆ ತಾಯಿಯವರ ಸಿಟ್ಟನ್ನು ಎರೆಗುಂಡಿಯ ಜನ ಒಮ್ಮೆ ಕಂಡಿದ್ದಾರೆ, ಕಂಡು ಉದ್ಧಾರವಾಗಿದ್ದಾರೆ.

ಹಳ್ಳದ ದಂಡೆಯ ಅವರ ಮಠಕ್ಕೆ ಗೋಪುರವಿರಲಿಲ್ಲ. ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಕಟ್ಟೆ, ಅಷ್ಟೇ. ಒಂದು ಕೋಣೆಯಲ್ಲಿ ತಾಯಿಯವರ ಪೂಜೆ, ಅಡುಗೆ, ನಿದ್ರೆ. ಇನ್ನೊಂದಕ್ಕೆ ಸದಾ ಬೀಗ. ಹಿರಿಯ ಗುರುಗಳು ಎಂದಾದರೂ ದಯಮಾಡಿಸಿದರೆ ಇಳಿದುಕೊಳ್ಳಲೆಂದು ಭಕ್ತರು ಕಟ್ಟಿಸಿಕೊಟ್ಟ ಕೋಣೆ ಅದು. ಹತ್ತೊಂಬತ್ತು ವರ್ಷದಲ್ಲಿ ಯಾರೂ ದಯಮಾಡಿಸಿರಲಿಲ್ಲ.

ದೀಪಾವಳಿ ಮುಗಿದ ವಾರ. ಬೆಳಗಿನ ಪೂಜೆ ತೀರಿಸಿ ತಾಯಿಯವರು ಕಟ್ಟೆಯ ಮೇಲೆ ಕುಳಿತು ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಊರ ಹಿರಿಯ ದ್ಯಾಮನಗೌಡ ದಾಪುಗಾಲಿಡುತ್ತ ಬಂದ. ಚಪ್ಪಲಿ ಕಳಚಿ ಒಗೆದ ರಭಸಕ್ಕೆ ಅದು ಅಂಗಳದಾಚೆ ಹೋಗಿ ಬಿತ್ತು. ನಮಸ್ಕಾರವನ್ನೂ ಜಗಳದಂತೆಯೇ ಮಾಡಿ ಅಂಗಿಯ ಜೇಬಿನಿಂದ ಕಾಗದವೊಂದನ್ನು ತೆಗೆದ.

"ಅವ್ವಾರ, ಸಹಿ ಹಾಕ್ರಿ. ಮೊದಲನೇ ಸಹಿ ನಿಮ್ಮದಾ ಇರಬೇಕು. ಊರಿಗೆ ಹೆರಿಗಿ ಸಿಸ್ಟರ್ ಬೇಕು ಅಂತ ಸೋಮವಾರ ರಸ್ತೆ ಮ್ಯಾಲೆ ಕುಂದರತೀವಿ. ಒಂದ ಬಸ್ಸು ದಾಟಾಕ ಬಿಡಂಗಿಲ್ಲ."

ಆತನ ಸಿಟ್ಟಿಗೆ ಕಾರಣವಿತ್ತು, ಅದನ್ನು ಮುಚ್ಚಿಡಬಾರದು. ಹೋದ ವರ್ಷ ನಾಗರಪಂಚಮಿಯ ದಿನ, ಹೆರಿಗೆಗೆಂದು ತವರಿಗೆ ಕಳಿಸುವ ಮೊದಲೇ ಸೊಸೆ ಕಸ್ತೂರಿಗೆ ನೋವು ಬಂದಿತ್ತು. ಆಸ್ಪತ್ರೆ ಇಪ್ಪತ್ತೆರಡು ಕಿಲೋಮೀಟರ್ ದೂರ. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಕರೆದೊಯ್ಯುವಾಗ ಅರ್ಧ ದಾರಿಯಲ್ಲೇ ಹೆರಿಗೆಯಾಯಿತು. ಕೂಸು ಉಸಿರಾಡಲು ಹೆಣಗಾಡಿತು. ಏನು ಮಾಡಬೇಕೆಂದು ಅಲ್ಲಿದ್ದವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಗೌಡನ ತೊಡೆಯ ಮೇಲೆಯೇ ಅದು ತಣ್ಣಗಾಯಿತು. ಈಗ ಕಸ್ತೂರಿ ಮತ್ತೆ ಎಂಟು ತಿಂಗಳ ಬಸುರಿ. ಆ ಟ್ರ್ಯಾಕ್ಟರು ಕಣ್ಣಿಗೆ ಬಿದ್ದರೆ ಸಾಕು, ಗೌಡ ದಾರಿ ಬದಲಿಸುತ್ತಿದ್ದ.

ತಾಯಿಯವರು ಕನ್ನಡಕ ಏರಿಸಿ ಮನವಿಯನ್ನು ಗಟ್ಟಿಯಾಗಿ ಓದಿದರು. "‘ನಮ್ಮ ಊರಿಗೆ ಸರ್ಕಾರವು ಇಲ್ಲಿಯವರೆಗೆ ಒಬ್ಬ ಸಿಸ್ಟರನ್ನೂ ಕಳುಹಿಸಿರುವುದಿಲ್ಲ.’ ಕಳಿಸಿಲ್ಲೇನು, ಗೌಡ್ರ?"

"ಎಲ್ಲಿ ಕಳಿಸ್ಯಾರ್ರಿ?"

"ಹುಲಿಗೆಮ್ಮ ಅಂತ ಒಬ್ಬಾಕಿ ಬಂದಿದ್ದಳಲ್ಲ."

ಗೌಡ ಮುಖ ತಿರುಗಿಸಿದ. "ಆಕಿ ನಿಲ್ಲಲಿಲ್ರಿ. ಈಗಿನವರಿಗೆ ಹಳ್ಳಿ ಎಲ್ಲಿ ಸೇರತೈತಿ?"

ಸುಳ್ಳು! ಊರೆಲ್ಲ ಸೇರಿ ಹೇಳಿ ಹೇಳಿ ನಿಜ ಮಾಡಿಕೊಂಡಿದ್ದ ಸುಳ್ಳು. ಹುಲಿಗೆಮ್ಮನವರು ನೇಮಕದ ಆದೇಶ ಹಿಡಿದೇ ಬಂದಿದ್ದರು. ಕೆಲಸಕ್ಕೆ ಹಳೆಯ ಪಂಚಾಯಿತಿಯ ಒಂದು ಕೋಣೆಯಿತ್ತು, ಇರಲು ಮನೆಯಿರಲಿಲ್ಲ. ಬಿಸಿಲಲ್ಲಿ ಹನ್ನೊಂದು ಮನೆ ಕೇಳಿದರು. ಎಲ್ಲ ಕಡೆ ಮೊದಲು ನಗು, "ಬರ್ರಿ ಸಿಸ್ಟರ್" ಎಂಬ ಉಪಚಾರ. ಆಮೇಲೆ ಅದೇ ಪ್ರಶ್ನೆ: "ನೀವು ಯಾವ ಮಂದಿ ರೀ?" ಅವರು ತಲೆ ತಗ್ಗಿಸದೆ, ಊರ ಹೊರಗಿನ ಕೇರಿಯವಳೆಂದು ಇದ್ದುದನ್ನು ಇದ್ದಂತೆ ಹೇಳಿದರು. ಅಷ್ಟಕ್ಕೇ ಒಂದು ಮನೆಯ ಮಾಳಿಗೆ ಸೋರತೊಡಗಿತು, ಇನ್ನೊಂದರಲ್ಲಿ ಕಾಳಿನ ಚೀಲ ತುಂಬಿಕೊಂಡವು. ದ್ಯಾಮನಗೌಡನಿಗೆ ರಸ್ತೆಯ ಪಕ್ಕ ಹೊಸದಾಗಿ ಗಿಲಾವು ಮಾಡಿಸಿದ ಖಾಲಿ ಮನೆಯಿತ್ತು. ಅಲ್ಲಿಗೆ ಭಾವನ ಮಗ ಬರುವವನಿದ್ದಾನೆ ಎಂದುಬಿಟ್ಟ. ಆ ಭಾವನ ಮಗ ಇನ್ನೂ ಬಂದಿಲ್ಲ. ಹುಲಿಗೆಮ್ಮನವರು ಸಂಜೆಯ ಬಸ್ಸಿಗೆ ಹೊರಟುಹೋದರು.

"ಆಕಿ ಬಂದದ್ದು ಯಾವಾಗ?" ತಾಯಿಯವರು ಕೇಳಿದರು.

"ಹೋದ ವರ್ಷ, ಕಾರಹುಣ್ಣಿಮಿ ಮರುದಿನ."

"ಕೂಸು ಹೋದದ್ದು?"

ಪಂಚಮಿ ಎನ್ನಲು ಬಾಯಿ ತೆರೆದ ಗೌಡ ಹಾಗೆಯೇ ನಿಂತ. ಎರಡರ ನಡುವೆ ಬರೀ ಏಳು ವಾರ. ಬಿತ್ತಿದ ದಿನದಿಂದ ರಾಶಿಯ ದಿನದವರೆಗೆ ಬೆರಳ ಮೇಲೆ ಎಣಿಸಬಲ್ಲ ಮನುಷ್ಯ, ಈ ಏಳು ವಾರವನ್ನು ಒಮ್ಮೆಯೂ ಎಣಿಸಿರಲಿಲ್ಲ. ಎಣಿಸಲು ಅಂಜಿದ್ದ.

"ಹಂಗಾರ ನನ್ನ ಮೊಮ್ಮಗನ್ನ ನಾನ ಕೊಂದೆ ಅಂತೀರೇನು?" ಅವನ ಕೂಗಿಗೆ ಹಳ್ಳದಲ್ಲಿ ನೀರು ತುಂಬುತ್ತಿದ್ದ ಹೆಂಗಸರು ಕೊಡ ಬಿಟ್ಟು ನೋಡಿದರು.

ತಾಯಿಯವರು ಕೌದಿಯನ್ನು ಸರಿಸಿ ಎದ್ದು ನಿಂತರು. ಅವರ ಮುಖ ಅಷ್ಟು ಕೆಂಪಾಗಿದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ.

"ನೀವೊಬ್ಬರ ಅಲ್ಲ! ಹನ್ನೊಂದು ಮನಿ ಅಂತಾರ ಊರಾಗ. ಹನ್ನೊಂದಲ್ಲ, ಹನ್ನೆರಡು. ಬಸ್ಸು ಬರೋ ತನಕ ಆಕಿ ಇದಾ ಕಟ್ಟಿ ಮ್ಯಾಲೆ ಕುಂತಿದ್ದಳು. ನಡೆದದ್ದೆಲ್ಲಾ ಹೇಳಿದಳು. ಹಿಂದ ಕೋಣಿ ಖಾಲಿ ಇತ್ತು. ನಾ ಏನು ಮಾಡಿದೆ? ಪ್ರಸಾದ ಕೊಟ್ಟು, ಒಳ್ಳೇದಾಗಲಿ ಹೋಗಿ ಬಾ ತಂಗಿ, ಅಂದೆ!"

ತಾಯಿಯವರು ತುಂಬಿದ ಕಣ್ಣೊರೆಸಿಕೊಳ್ಳಲಿಲ್ಲ. ಪೆನ್ನು ತೆಗೆದುಕೊಂಡು ಮನವಿಯ ಆ ಸಾಲನ್ನು ಹೊಡೆದುಹಾಕಿದರು. ಕೆಳಗೆ ಬರೆದರು: ‘ಸರ್ಕಾರ ಕಳುಹಿಸಿದ ಸಿಸ್ಟರನ್ನು ಜಾತಿ ಕೇಳಿ ನಾವೇ ಹಿಂದಕ್ಕೆ ಅಟ್ಟಿದ್ದೇವೆ.’ ಅದರಡಿ ತಮ್ಮ ಸಹಿ ಮಾಡಿದರು.

"ಈಗ ನೀವು ಹಾಕ್ರಿ."

ಗೌಡ ಹಾಕಲಿಲ್ಲ. ಕಾಗದ ಕಸಿದುಕೊಂಡು ಹೋದ. ಎರಡು ದಿನ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದ, ಎತ್ತಿಗೆ ಮೇವು ಕಡಿಮೆಯೆಂದ. ಮೂರನೆಯ ಬೆಳಿಗ್ಗೆ ಬಸ್ ನಿಲ್ಲುವಲ್ಲಿಗೆ ಹೋದರೆ ತಾಯಿಯವರು ಕೈಚೀಲ ಹಿಡಿದು ಆಗಲೇ ನಿಂತಿದ್ದರು. ಇಬ್ಬರೂ ತಾಲೂಕಿನ ಬಸ್ಸು ಹತ್ತಿದರು.

ತಾಲೂಕು ಆಸ್ಪತ್ರೆಯ ಪಡಸಾಲೆಯಲ್ಲಿ ಹುಲಿಗೆಮ್ಮನವರು ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ಸರದಿ ಮುಗಿಯುವ ತನಕ ತಾಯಿಯವರು ನೆಲದ ಮೇಲೆ ಕುಳಿತು ಕಾದರು. ಆಮೇಲೆ ಎದ್ದು, ಗೌಡನ ಮೊಮ್ಮಗ ಹೋದದ್ದನ್ನೂ ಸೊಸೆ ಮತ್ತೆ ಬಸುರಿಯಾದದ್ದನ್ನೂ ಹೇಳಿ, ಊರಿಗೆ ಬರಬೇಕೆಂದು ಕೈಮುಗಿದರು.

"ಕೈ ಮುಗೀಬ್ಯಾಡ್ರಿ ಅವ್ವಾರ," ಎಂದರು ಹುಲಿಗೆಮ್ಮನವರು. "ಕೈಮುಗಿದು ಸಾಗಹಾಕೋರನ್ನ ನಾ ಭಾಳ ನೋಡೇನಿ." ಗೌಡನ ಕಡೆ ತಿರುಗಿದರು. ಅವನು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡ. "ಸೊಸಿಗೆ ಈಗ ಎಷ್ಟರಾಗ ಐತಿ?"

"ಎಂಟು."

"ರಕ್ತ ಎಷ್ಟೈತಿ? ಬಿ.ಪಿ. ನೋಡಿಸೀರೇನು? ಕಾಲಿಗೆ ಬಾವು ಬಂದೈತೇನು?"

ಗೌಡ ತಾಯಿಯವರ ಕಡೆ ನೋಡಿದ. ಹುಲಿಗೆಮ್ಮನವರು ರಿಜಿಸ್ಟರನ್ನು ಟೇಬಲ್ಲಿನ ಮೇಲೆ ಬಡಿದರು. "ಬರತೀನಿ. ಸಾಹೇಬರಿಗೆ ಬರಕೊಡತೀನಿ. ನಾ ಬರದಿದ್ರ ಶಿಕ್ಷೆ ಆಕಿಗಾಗತೈತಿ, ನಿಮಗಲ್ಲ. ಆದ್ರ ನಾ ಹೇಳಿದ್ದು ಬರಕೋರಿ."

ಗೌಡ ಅದೇ ಮನವಿಯ ಬೆನ್ನಿಗೆ ಬರೆದುಕೊಂಡ. ಮನೆ ಊರೊಳಗೇ ಇರಬೇಕು, ಎಲ್ಲರ ನಲ್ಲಿಯ ನೀರೇ ತಮಗೂ. ಮನೆಮನೆಗೆ ಹೋಗುವಾಗ ಪ್ರತಿ ಕೇರಿಯಿಂದ ಒಬ್ಬ ಹೆಣ್ಣುಮಗಳು ಜೊತೆಗೆ ಬರಬೇಕು, ಹೊರಗಿನ ಕೇರಿಯಿಂದಲೂ. ಯಾವ ಕೇರಿಯವಳಿಗೆ ನೋವು ಬಂದರೂ ಗಾಡಿ ಇದ್ದವರು ಇಲ್ಲ ಅನ್ನಬಾರದು. ಗುಡ್ಡದ ಕೆಳಗಿನ ತಾಂಡಾದ ಬಸುರಿಯರು ದಿನ ತುಂಬುವಾಗ ಮೊದಲೇ ಬಂದು ಉಳಿಯಲು ಜಾಗ ಬೇಕು ಎಂದಾಗ ತಾಯಿಯವರು ನಡುವೆ ಬಾಯಿಹಾಕಿದರು: "ಮಠದ ಕೋಣಿ ಅಂತ ಬರೀರಿ. ಬೀಗ ಇವತ್ತ ಒಡೀತೀನಿ."

"ಇನ್ನೊಂದು," ಎಂದರು ಹುಲಿಗೆಮ್ಮನವರು. "ನಾ ತಿರುಗಿ ಹೋಗಿದ್ದು ಯಾಕ ಅಂತ ನಿಮ್ಮ ಸೊಸಿಗೆ ನೀವ ಹೇಳಬೇಕು. ಹೆರಿಗಿ ಮಾಡಿಸೋಕಿ ನಾನು. ಆಕಿ ಮುಂದ ಕಳ್ಳಿ ಹಂಗ ಇರಾಕ ನನ್ನಿಂದ ಆಗಂಗಿಲ್ಲ."

ಗೌಡನ ಕೈಯಲ್ಲಿ ಪೆನ್ನು ನಿಂತಿತು. ತಾಯಿಯವರು ಅವನನ್ನು ನೋಡುತ್ತಿದ್ದರು. ಬರೆದ. ಪುಟ ತಿರುವಿ ಅವರ ಸಹಿಯ ಕೆಳಗೆ ತನ್ನದನ್ನೂ ಹಾಕಿದ.

ಮಧ್ಯಾಹ್ನ ಮನೆಗೆ ಬಂದಾಗ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಕಾರಹುಣ್ಣಿಮೆಗೆ ತವರಿಗೆ ಹೋಗಿದ್ದ ಆಕೆಗೆ ಸಿಸ್ಟರು ಹಳ್ಳಿ ಸೇರದೆ ಹೋದರೆಂಬ ಊರ ಸುಳ್ಳಷ್ಟೇ ಗೊತ್ತಿತ್ತು. ಗೌಡ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತ. ಊರಿಗೆ ಬುದ್ಧಿ ಹೇಳುವ ನಾಲಿಗೆ ಸೊಸೆಯ ಮುಂದೆ ತಡವರಿಸಿತು. ಆದರೂ ಹೇಳಿದ. ಕೇಳಿದ ಪ್ರಶ್ನೆ, ಹೇಳಿದ ಸುಳ್ಳು, ಏಳು ವಾರ, ಒಂದನ್ನೂ ಬಿಡಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಹೊಗೆಯಾಡಿತು.

ಆಕೆ ಅಳಲಿಲ್ಲ. ಸೀದುಹೋದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಕೈ ತೊಳೆದುಕೊಂಡು ಎದ್ದಳು.

"ಆ ಖಾಲಿ ಮನಿ ಕೀಲಿ ಎಲ್ಲೈತ್ರಿ ಮಾವಾರ?"

ಕೊಟ್ಟ. ತುಂಬಿದ ಬಸುರಿ ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಕಸಬರಿಗೆ ಹಿಡಿದು ನಡೆದಳು. ಗೌಡ ಹಿಂದೆಯೇ ಓಡಿ, "ನಾ ಗುಡಸತೀನಿ, ಕೊಡವಾ" ಎಂದು ಕಸಬರಿಗೆಗೆ ಕೈಹಾಕಿದ. ಆಕೆ ಕಿತ್ತುಕೊಂಡಳು.

"ಇದು ನಾ ಮಾಡತೀನಿ. ನೀವು ಹೋಗಿ ಉಳಿದ ಹತ್ತು ಮನಿಗೆ ಹೇಳಿ ಬರ್ರಿ, ನನ್ನ ಕೂಸು ಯಾಕ ಸತ್ತಿತು ಅಂತ."

ದ್ಯಾಮನಗೌಡ ಹೋದ. ರಸ್ತೆಗೆ ಅಡ್ಡ ಕೂರಲು ಹೊರಟಿದ್ದವನು ಹತ್ತು ಬಾಗಿಲ ಮುಂದೆ ನಿಂತ. ಎರಡು ಮನೆಯವರು ಬೈದು ಕಳಿಸಿದರು, ಒಬ್ಬರು ಕದ ಹಾಕಿಕೊಂಡರು. ಆ ಕದದ ಹೊರಗೆ ನಿಂತೇ ಹೇಳಿದ, ಒಳಗಿನವರಿಗೆಲ್ಲ ಕೇಳುವಂತೆ ಹೇಳಿದ.