ಸದ್ದು ನಿಂತ ಬಾವಿ

"ಗುರುಗಳೇ, ಕಣ್ಣಿನ ಒಳಪರದೆಯಲ್ಲಿ ಬೆಳಕು ಗ್ರಹಿಸುವ ಕೋಶ ಕತ್ತಲಲ್ಲಿ ಗ್ಲುಟಮೇಟ್ ಎಂಬ ರಸವನ್ನು ಸುರಿಸುತ್ತಲೇ ಇರುತ್ತದೆ. ಬೆಳಕು ಬಿದ್ದೊಡನೆ ನಿಲ್ಲಿಸುತ್ತದೆ. ಹೇಳಬೇಕಾದ ಹೊತ್ತಿನಲ್ಲೇ ಬಾಯಿ ಮುಚ್ಚಿಕೊಂಡರೆ, ಬೆಳಕು ಬಂತೆಂದು ಮುಂದಿನ ಕೋಶಕ್ಕೆ ತಿಳಿಯುವುದು ಹೇಗೆ?" ಎಂದು ಇಂದುಮತಿ ಕೇಳಿದಳು.

ಅವಳು ಕೇಳಲು ಬಂದದ್ದು ಅದಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆ ಕಲಿಯಲು ವೀರಭದ್ರಯ್ಯನವರ ಕೈಕೆಳಗೆ ಸೇರಿದವಳು ಅವಳು. ಮೊದಮೊದಲು ಕತ್ತರಿ ಹಿಡಿದರೆ ಸಾಕು, "ಮೊಣಕೈ ಇಳಿಸು", "ಅವಸರ ಬೇಡ" ಎಂದು ಗುರುಗಳು ಬೆನ್ನು ಬಿಡುತ್ತಿರಲಿಲ್ಲ. ಈಗ ತಿಂಗಳಿಂದ ಪಕ್ಕದಲ್ಲೇ ನಿಂತರೂ ತುಟಿ ಪಿಟಕ್ಕೆನ್ನುತ್ತಿಲ್ಲ. ತನ್ನ ಕೈಬಿಟ್ಟರು ಎಂದೇ ಅವಳಿಗೆ ಅನ್ನಿಸಿತ್ತು, ಅಳುವೂ ಬಂದಿತ್ತು. ಕಲಿಕೆ ಬಿಟ್ಟು ಊರಿಗೆ ಹೋಗುತ್ತೇನೆ ಎನ್ನಲು ಬಂದವಳು ಧೈರ್ಯ ಸಾಲದೆ ಪಾಠದ ಪ್ರಶ್ನೆ ಕೇಳಿದ್ದಳು.

ಗುರುಗಳು ಅವಳ ಬಾಡಿದ ಮುಖ ನೋಡಿದರು. ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಆಳಕ್ಕಿಳಿದು ಬಂಡೆಗೆ ಹಾರೆ ಹಾಕುತ್ತಿದ್ದ. ಮೇಲೆ ಅವನ ತಾಯಿ, ಹೆಂಡತಿ ಕಾಯುತ್ತಿದ್ದರು. ಇಣುಕಿದರೆ ಬರೀ ಕತ್ತಲು. ಹಾರೆಯ ಸದ್ದೊಂದೇ ಅವರಿಗೆ ಸುದ್ದಿ. ಸದ್ದು ಕೇಳುವಷ್ಟು ಹೊತ್ತೂ ತಾಯಿ ಬಾಯ್ತುಂಬ ಮಾತಾಡುತ್ತಿದ್ದಳು. ಇನ್ನೂ ಬಂಡೆಯೇ ಸಿಗುತ್ತಿದೆಯಲ್ಲ ಎಂದು ಹೆಂಡತಿ ಮಾತ್ರ ಉಸಿರೆತ್ತುತ್ತಿರಲಿಲ್ಲ.

ಒಂದು ದಿನ ಸದ್ದು ನಿಂತಿತು.

ತಾಯಿ ಬಾವಿಯೊಳಗೆ ಇಣುಕಿ, "ಏನಾಯ್ತೇ ನನ್ನ ಮಗನಿಗೆ?" ಎಂದವಳೇ ಮೂಕಳಾದಳು.

ಹೆಂಡತಿ ಎದ್ದು ನಿಂತಳು. "ಏನೂ ಆಗಿಲ್ಲ ಅತ್ತೆ. ನೀರು ಕಂಡವರು ಮೊದಲು ಹಾರೆ ಕೆಳಗಿಡ್ತಾರೆ. ಬಗ್ಗಿ ಕುಡೀತಿರ್ಬೇಕು. ಬಿಂದಿಗೆ ತನ್ನಿ" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ಬಿಂದಿಗೆ ಇಳಿಯಿತು, ತುಂಬಿಕೊಂಡು ಮೇಲೆ ಬಂತು.

ಗುರುಗಳು ಕನ್ನಡಕ ಮತ್ತೆ ಹಾಕಿಕೊಂಡರು. "ನಿನ್ನ ಕೋಶದ ಪಕ್ಕದಲ್ಲೂ ಇಂಥ ಇಬ್ಬರಿದ್ದಾರೆ. ರಸ ಸುರಿಯುವಾಗ ಒಬ್ಬಳದು ಮಾತು, ಇನ್ನೊಬ್ಬಳದು ಮೌನ. ರಸ ನಿಂತಾಗ ಆ ಇನ್ನೊಬ್ಬಳು ಎದ್ದು ಬೆಳಕು ಬಂತು ಎನ್ನುತ್ತಾಳೆ. ಅತ್ತೆಯೂ ಬೇಕು, ಕತ್ತಲಾಯಿತೆಂದು ಹೇಳಲು ಅವಳೇ ಆಗಬೇಕು. ಬೆಳಕಿನ ಸುದ್ದಿಯನ್ನು ಮಾತ್ರ ಅವಳನ್ನು ಕೇಳಬಾರದು."

"ಆದರೆ ಗುರುಗಳೇ, ಸೊಸೆಗೆ ಅಷ್ಟು ನಂಬಿಕೆ ಎಲ್ಲಿಂದ ಬಂತು?"

"ನಿನ್ನ ಕೈ ಪಳಗಿತೆಂದು ನಾನು ಹಾರೆ ಕೆಳಗಿಟ್ಟು ತಿಂಗಳಾಯಿತು ಮಗಳೇ, ನೀನಿನ್ನೂ ಅತ್ತೆಯ ಹಾಗೆ ಕೂತಿದ್ದೀಯಲ್ಲ."

ಇಂದುಮತಿ ಎದ್ದಳು, ಊರಿಗೆ ಹೋಗುವ ಮಾತೆತ್ತದೆ ಕತ್ತರಿ ಕೈಗೆತ್ತಿಕೊಂಡಳು.