ಮಂಚದ ಪಟ್ಟಿಯ ಬಿಲ್ಲು

ನನ್ನಜ್ಜಿಯ ಅಜ್ಜಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ಹೊಳೆ ದಂಡೆ ಮೇಲೆ ಒಂದು ಬಡಗಿ ಮನೆ ಇತ್ತಂತೆ. ಆ ಮನೇಲಿ ಕಾಳಮ್ಮ ಅನ್ನೋ ತಾಯಿ, ಅವಳಿಗೆ ಮೂವರು ಮಕ್ಕಳು. ದೊಡ್ಡವನು ಮೌನಪ್ಪ, ನಡುವಿನವನು ಬೊಮ್ಮಯ್ಯ, ಕಡೆಯವಳು ಮಾಯಕ್ಕ. ಅಪ್ಪ ತೀರಿಕೊಂಡಿದ್ದ. ಅವನ ಬಾಚಿ, ಉಳಿ ಹಿಡಿದು ಮೂವರೂ ಬಾಗಿಲು, ಮಂಚ, ತೊಟ್ಟಿಲು ಮಾಡಿಕೊಂಡಿದ್ದರಂತೆ.

ಒಂದು ದಿನ ಕಾಳಮ್ಮ ಹರಿಗೋಲಲ್ಲಿ ನಡುಗಡ್ಡೆಗೆ ಹುಲ್ಲು ಕೊಯ್ಯೋಕೆ ಹೋದಳಂತೆ. ಆಮೇಲೆ ಎಲ್ಲೋ ಮೇಲೆ ಮಳೆಯಾಗಿ ಹೊಳೆ ಕೆಂಪಗೆ ಉಕ್ಕಿ ಬಂತಂತೆ. ಹರಿಗೋಲು ಬುಗುರಿ ಹಾಗೆ ತಿರುಗ್ತಾ ತೇಲಿಹೋಯ್ತು. ಕಾಳಮ್ಮ ಅಲ್ಲಿದ್ದ ಬಂಡೆ ಹತ್ತಿ ನಿಂತಳು. ಆ ಬಂಡೆಗೆ ಮೆಟ್ಟಿಲಿನ ಹಾಗೆ ಮೂರು ಏರು. ದಿನಕ್ಕೊಂದು ಏರು ಮುಳುಗಿದರೆ ಮೂರನೇ ಸಂಜೆಗೆ ನಿಲ್ಲೋಕೆ ಜಾಗವೇ ಇಲ್ಲ.

ಈಜೋಕಾಗಲ್ವಾ ಅಂತೀಯಾ? ಆ ಸೆಳವಿಗೆ ಎಮ್ಮೆಯೂ ನಿಲ್ಲಲ್ಲ ಕೂಸೇ. ಹಗ್ಗ ದಾಟಿಸಬೇಕು. ಕಲ್ಲಿಗೆ ನೂಲು ಕಟ್ಟಿ ಎಸೆದರು, ಅರ್ಧಕ್ಕೇ ಬಿತ್ತು. ಬಿಲ್ಲಿದ್ದಿದ್ದರೆ ಬಾಣದ ಬಾಲಕ್ಕೆ ನೂಲು ಕಟ್ಟಿ ಬಿಡಬಹುದಿತ್ತು ಅಂದಳಂತೆ ಮಾಯಕ್ಕ. ಆದರೆ ಬಿಲ್ಲು ಮಾಡಿ ಗೊತ್ತಿದ್ದವರು ಯಾರು? ಹಸಿ ಕೊಂಬೆ ಬಗ್ಗಿಸಿದರು. ಅದು ಬಗ್ಗಿತು, ಬಗ್ಗಿದ ಹಾಗೇ ಉಳೀತು. ಒಣಗಿದ ಮರವೇ ಬೇಕು. ಒಣಗಿದ ಮರ ಅಂದರೆ ಮನೆಯ ಹಲಗೆಗಳೇ.

ಮೌನಪ್ಪ ಮನೆ ಬಾಗಿಲನ್ನೇ ಕಿತ್ತನಂತೆ. ಬಂಡೆ ಮೇಲಿಂದ ಕಾಳಮ್ಮ, ಲೋ, ಅದು ನಿಮ್ಮಪ್ಪ ಮಾಡಿದ ಬಾಗಿಲು ಕಣೋ ಅಂತ ಕೂಗಿದಳು. ನೀನು ಸುಮ್ನೆ ಗಟ್ಟಿಯಾಗಿ ಕೂತ್ಕೊಳ್ಳಮ್ಮ ಅಂದ ಇವನು. ಅದರಲ್ಲಿ ಮರದ ಗೆರೆಗಳು ಅಲೆಅಲೆಯಾಗಿದ್ದ ಚೆಂದದ ಹಲಗೆ ಆರಿಸಿದ. ಬಾಗಿಲಿಗೆ ಅಂಥದ್ದನ್ನೇ ಆರಿಸಿ ಅವನಿಗೆ ರೂಢಿ. ಕೆತ್ತಿ, ತುದಿಗಳಿಗೆ ಕಚ್ಚು ಹಾಕಿ, ಕತ್ತಾಳೆ ನಾರಿನ ಹೆದೆ ಕಟ್ಟಿ ಎಳೆದ. ಚಟ್! ಎರಡು ತುಂಡು. ಅಷ್ಟೊತ್ತಿಗೆ ಮೊದಲನೇ ಏರು ಮುಳುಗಿತ್ತಂತೆ.

ಮಾಯಕ್ಕ ಆ ತುಂಡುಗಳನ್ನು ಜೋಡಿಸಿ ನೋಡಿದಳು. ಗೆರೆ ಪಕ್ಕಕ್ಕೆ ಓಡಿ ಹೊರಬಿದ್ದ ಕಡೆಯೇ ಸೀಳಿತ್ತು. ಅಣ್ಣಾ, ಗೆರೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗಬೇಕು ಅಂದಳಂತೆ.

ಆಮೇಲೆ ಬೊಮ್ಮಯ್ಯ ಅಟ್ಟದಿಂದ ನೆಟ್ಟನೆ ಗೆರೆಯ ಹಲಗೆ ಇಳಿಸಿದ. ನೂಲು ಹಿಡಿದು ಅಳೆದು, ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲದ ಹಾಗೆ ಎರಡು ಕಡೆಯೂ ಕೆತ್ತಿದ. ಸ್ವಲ್ಪ ಎಳೆದರೆ ಒಂದೇ ಜಾಗ ಮೊಣಕೈ ಹಾಗೆ ಮಡಿಚಿತಂತೆ. ತಪ್ಪು ಕಂಡಲ್ಲೇ ಉಳಿ ಇಡೋದು ಬಡಗಿ ಕೈ. ಅವನು ಅಲ್ಲೇ ಕೆತ್ತಿದ. ಇನ್ನಷ್ಟು ಮಡಿಚಿತು. ಇನ್ನಷ್ಟು ಕೆತ್ತಿದ. ಚಟ್! ಎರಡನೇ ಏರೂ ಮುಳುಗಿತು.

ನೆಟ್ಟನೆ ಗೆರೆಯದ್ದು ಅಂತ ಇನ್ನು ಉಳಿದದ್ದು ಅಮ್ಮನ ಮಂಚದ ಉದ್ದ ಪಟ್ಟಿ ಒಂದೇ. ಮಾಯಕ್ಕ ಮುರಿದ ಎರಡೂ ಬಿಲ್ಲುಗಳ ಮುಂದೆ ಕೂತಳಂತೆ. ಎರಡೂ ಹೊರಮೈಯಿಂದಲೇ, ಎಳೆಯೋನಿಗೆ ಆಚೆ ಇರೋ ಬೆನ್ನಿನ ಕಡೆಯಿಂದಲೇ ಸೀಳಿದ್ದವು. ಹಾಗಾದರೆ ಹೊರಮೈ ಮುಟ್ಟಬಾರದು, ಒಳಗಡೆಯಿಂದಲೇ ಹೆರೀಬೇಕು. ಮಡಿಚಿದ ಜಾಗ ಆಗಲೇ ಸೋತ ಜಾಗ, ಅದನ್ನೇ ಕೆತ್ತಿದರೆ ಇನ್ನೂ ಸೋಲುತ್ತೆ. ಬಗ್ಗದೆ ಬಿಗಿದುಕೊಂಡು ಕೂತಿರೋ ಕಡೆ ಹೆರೆದರೆ ಅದೂ ಭಾರ ಹೊರುತ್ತಲ್ವಾ?

ಪಟ್ಟಿಯನ್ನು ಒಳಗಡೆಯಿಂದಷ್ಟೇ ಕೆತ್ತಿ, ಹೆದೆ ಕಟ್ಟಿ, ಸುಣ್ಣದ ಗೋಡೆ ಮುಂದೆ ಮೌನಪ್ಪನ ಕೈಲಿ ಬಿಲ್ಲು ಹಿಡಿಸಿ, ಗೇಣುದ್ದ ಎಳೆಸಿದಳು. ಬಗ್ಗದ ಕಡೆ ಇದ್ದಿಲಲ್ಲಿ ಗೀಟು ಎಳೆದಳು. ಹೆದೆ ಬಿಚ್ಚಿ, ಕುಡುಗೋಲಿನ ಬಾಯಲ್ಲಿ ಗೀಟು ಹೋಗೋವರೆಗೆ ಹೆರೆದಳು. ಮತ್ತೆ ಎಳೆಸು, ಮತ್ತೆ ನೋಡು, ಮತ್ತೆ ಹೆರೆ. ಬೊಮ್ಮಯ್ಯನಿಗೆ ತಡೆಯಲಿಲ್ಲ. ಅಮ್ಮನ ಮೊಣಕಾಲಿಗೆ ನೀರು ಬಂತು, ನೀನು ಮರಕ್ಕೆ ಕ್ಷೌರ ಮಾಡ್ತಾ ಕೂತಿದೀಯಲ್ಲೇ ಅಂದನಂತೆ. ಇವಳು, ಅಣ್ಣಾ, ಇದೂ ಮುರಿದರೆ ಮನೇಲಿ ಇನ್ನೊಂದು ಹಲಗೆ ಇದೆಯಾ ಅಂದಳು. ಅವನು ಹೋಗಿ ಬಾಣ ಕೆತ್ತಿ, ನೂಲು ಸುತ್ತೋಕೆ ಕೂತ.

ಸಂಜೆ ಹೊತ್ತಿಗೆ ಬಿಲ್ಲು ಪೂರ್ತಿ ಬಗ್ಗಿತು, ಮುರೀಲಿಲ್ಲ. ಮಾಯಕ್ಕ ಬಾಣ ಬಿಟ್ಟಳು. ಮೊದಲನೆಯದು ನೀರಿಗೆ ಬಿತ್ತು. ಎರಡನೆಯದು ಗಾಳಿಗೆ ಓರೆ ಹೋಯ್ತು. ಮೂರನೆಯದು ಬಂಡೆ ದಾಟಿ ಬಿತ್ತು, ನೂಲು ಕಾಳಮ್ಮನ ಹೆಗಲ ಮೇಲೇ ಬಂತಂತೆ. ಅವಳು ಎಳೆದ ಹಾಗೆ ನೂಲಿನ ಹಿಂದೆ ಹುರಿ, ಹುರಿಯ ಹಿಂದೆ ಹಗ್ಗ, ಹಗ್ಗಕ್ಕೆ ನೀರಲ್ಲಿ ತೇಲೋ ಎರಡು ಒಣ ಸೋರೆಬುರುಡೆ. ಕಾಳಮ್ಮ ಹಗ್ಗ ನಡುವಿಗೆ ಬಿಗಿದು, ಬುರುಡೆ ಕಂಕುಳಿಗೆ ಕಟ್ಟಿಕೊಂಡು, ಮನೆದೇವರ ಹೆಸರು ಹೇಳಿ ಇಳಿದಳು. ಗಂಡುಮಕ್ಕಳಿಬ್ಬರೂ ಎಳೆದರು. ಒಂದು ಸಲ ಮುಳುಗಿದಳಂತೆ. ಮತ್ತೆ ತಲೆ ಕಂಡಿತು. ದಡಕ್ಕೆ ಬಂದು ಬಿದ್ದಳು.

ಮೂವರೂ ಅತ್ತರಂತೆ. ಅವಳು ಕೆಮ್ಮಿ ನೀರು ಉಗಿದು, ಎಲ್ಲಿ, ಅದನ್ನ ಇಲ್ಲಿ ಕೊಡು ಅಂತ ಬಿಲ್ಲು ಇಸ್ಕೊಂಡಳು. ಕೈಯಾಡಿಸಿದಳು. ಇದೇನೇ ಮಾಯೀ, ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಿಮ್ಮಪ್ಪ ಕಂಡಿದ್ದರೆ ಬೆರಳಿಗೆ ಹೊಡೀತಿದ್ದರು ಅಂದಳಂತೆ. ಎಳೆದು ನೋಡಮ್ಮ ಅಂದಳು ಮಗಳು. ಕಾಳಮ್ಮ ಎಳೆದಳು. ಎರಡು ಕಡೆಯೂ ಒಂದೇ ಸಮ ಬಗ್ಗಿತಂತೆ. ಗಂಡನ ಉಳಿ ತರಿಸಿ ಮಾಯಕ್ಕನ ಕೈಗಿಟ್ಟಳು.

ಆಮೇಲೆ ಬಿಸಿನೀರು ಕಾಸಿದರು, ಮುದ್ದೆ ಉಂಡರು, ಮಂಚ ಇಲ್ಲದ ಮನೇಲಿ ನಾಲ್ವರೂ ಒಂದೇ ಚಾಪೆ ಮೇಲೆ ಮಲಗಿದರಂತೆ. ನನ್ನ ಹತ್ತಿರ ಇದ್ದ ಕತೆ ಇಷ್ಟೇ ಕೂಸೇ, ಇನ್ನು ಉಳಿದಿರೋದು ನಿದ್ದೆ.