ರಸೀದಿಯ ಮೇಲಿನ ಸುಭಾಷಿತ

ಧಾರವಾಡದಲ್ಲಿ ರೇವಣಸಿದ್ದಪ್ಪ ಸರ್ ಅವರದು ದೊಡ್ಡ ಕೋಚಿಂಗ್ ಸೆಂಟರು. ಅಲ್ಲಿ ಫೀಸಿನ ರಸೀದಿ ಅಚ್ಚು ಹಾಕುವ ಸಾಫ್ಟ್‌ವೇರನ್ನು ಭಾಗೀರಥಿ ತಯಾರು ಮಾಡಿದಳು. ಅದೇ ಅವಳ ಹೊಟ್ಟೆಪಾಡು. ಹಾಗಾಗಿ ಮಜೂರಿ ಕೇಳಿದಳು.

"ರೊಕ್ಕಾನ?" ಎಂದರು ಸರ್. "ಇಂಟರ್ನೆಟ್‌ನ್ಯಾಗ ಇಂಥಾವು ಪುಕಟ ಸಿಗತಾವ. ವಿದ್ಯಾಕ್ಕ ಬೆಲಿ ಕಟ್ಟಬಾರದವ್ವಾ."

"ಖರೇ ಅದ ರೀ ಸರ. ಈ ಮಾತು ನಾಕು ಮಂದಿಗೆ ತಿಳೀಬೇಕು," ಎಂದ ಭಾಗೀರಥಿ ಪುಕ್ಕಟೆಯಾಗಿಯೇ ಕೊಟ್ಟುಹೋದಳು.

ಮರುದಿನ ಫೀಸು ಕಟ್ಟಲು ಪಾಲಕರು ಪಾಳಿ ಹಚ್ಚಿ ಸಾಲಾಗಿ ನಿಂತಿದ್ದರು. ಮೊದಲ ರಸೀದಿ ಹೊರಬಂತು. ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, "ವಿದ್ಯೆಗೆ ಬೆಲೆ ಕಟ್ಟಬಾರದು: ರೇವಣಸಿದ್ದಪ್ಪ, ಸಂಸ್ಥಾಪಕರು" ಎಂದಿತ್ತು. ಅದರ ಕೆಳಗೆ ಫೀಸು, ಎಂಬತ್ತು ಸಾವಿರ.

ರಸೀದಿ ಪಾಳಿಯುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಒಬ್ಬರು ಎಣಿಸುತ್ತಿದ್ದ ನೋಟುಗಳನ್ನು ಮತ್ತೆ ಜೇಬಿಗಿಟ್ಟುಕೊಂಡರು. "ಸರ, ನಿಮ್ಮ ಮಾತು ಮೀರೂದು ಹೆಂಗ್ರೀ?" ಎಂದರು.

ಸರ್ ಒಳಗೆ ಹೋಗಿ ಭಾಗೀರಥಿಗೆ ಫೋನ್ ಮಾಡಿದರು.

"ಆ ಮಾತು ತಗದಬಿಡವ್ವಾ, ಈಗಿಂದೀಗ!"

"ಸಾಫ್ಟ್‌ವೇರ್ ಪುಕಟ ರೀ ಸರ. ತಗಿಯೂದಕ್ಕ ಮಜೂರಿ ಆಗತದ."

"ಎಷ್ಟು?"

"ನಿನ್ನೆ ಕೇಳಿದಷ್ಟ ರೀ."

ಹತ್ತು ನಿಮಿಷದಲ್ಲಿ ಹಣ ಬಂತು, ಸುಭಾಷಿತ ಹೋಯಿತು. ಕೊಟ್ಟ ಹಣಕ್ಕೆ ಸರ್ ಮಾತ್ರ ರಸೀದಿ ಕೇಳಲಿಲ್ಲ.